ಆಂಟೆನಾದ ಬುಡದ ಕೀಲು

ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು, ದೋಣಿಗೆ ರೇಡಿಯೊ ಮತ್ತು ಆಂಟೆನಾ ಜೋಡಿಸುವುದು ಹೇಗೆಂದು ಹೇಳಿಕೊಡಲು ತಿ. ನರಸೀಪುರದ ಮೀನುಗಾರರ ಸಂಘದವರು ನನ್ನನ್ನು ಕರೆಯುತ್ತಾರೆ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಬೇಕು. ಆಂಟೆನಾದ ವೈರನ್ನು ಎಂಜಿನ್ನಿನ ವೈರಿನ ಜೊತೆ ಕಟ್ಟಬಾರದು. ಆಂಟೆನಾ ಸಿಕ್ಕಿಸದೆ ಮಾತಾಡುವ ಗುಂಡಿ ಒತ್ತಿದರೆ ಸೆಟ್ಟು ಸುಟ್ಟುಹೋಗಬಹುದು. ಇಷ್ಟು ಹೇಳಿ ಕೊನೆಯಲ್ಲಿ ಒಂದು ಘಟನೆ ಹೇಳುತ್ತಿದ್ದೆ: ಮೊದಲ ದೋಣಿಯ ಆಂಟೆನಾಕ್ಕೆ ನಾನು ಬುಡದಲ್ಲಿ ಕೀಲು ಹಾಕಿದ್ದರಿಂದ ನಾಲ್ಕು ಜೀವ ಉಳಿಯಿತು ಎಂದು. ಈ ವರ್ಷ ಹಾಗೆ ಹೇಳಲು ಆಗಲಿಲ್ಲ.

ನಾನು ಓದಿದ್ದು ಭೌತಶಾಸ್ತ್ರ. ಸಂಶೋಧನೆಯನ್ನು ಅರ್ಧಕ್ಕೆ ಬಿಟ್ಟು, ಎರಡು ಕೆಲಸ ಬದಲಿಸಿ, ನಂಜನಗೂಡಿನ ಕಾಲೇಜೊಂದರ ಪ್ರಯೋಗಾಲಯಕ್ಕೆ ಬಂದು ಸೇರಿದವನು. ಅಳತೆಗೆ ಸಿಗದ್ದನ್ನು ನಂಬುವುದಿಲ್ಲ ಎಂದು ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಿದ್ದೆ. ನನ್ನ ನೆನಪನ್ನು ಮಾತ್ರ ಯಾವತ್ತೂ ಅಳೆದು ನೋಡಿರಲಿಲ್ಲ.

ಹಲವು ವರ್ಷಗಳ ಹಿಂದೆ, ಒಂದು ಬೇಸಿಗೆಯಲ್ಲಿ, ಸಂಘಕ್ಕೆ ಪ್ರವಾಹದ ಕೆಲಸಕ್ಕೆಂದು ಮೊದಲ ಫೈಬರ್ ದೋಣಿ ಬಂತು. ಜೊತೆಗೆ ಸಮುದ್ರದ ದೋಣಿಗಳಿಗೆಂದು ಮಾಡಿದ, ನೀರು ಬಿದ್ದರೂ ಕೆಡದ ರೇಡಿಯೊ ಮತ್ತು ಎಂಟು ಅಡಿಯ ಬಿಳಿ ಕೋಲಿನಂಥ ಆಂಟೆನಾ. ಹೊಳೆ ಬಂದಾಗ ಮೊಬೈಲ್ ನಂಬುವಂತಿರಲಿಲ್ಲ. ದೋಣಿ ನಡೆಸಲು ಒಪ್ಪಿಕೊಂಡವರು ಊರಿನ ಹಿರಿಯ ಅಂಬಿಗರೊಬ್ಬರು; ಚಿಕ್ಕಂದಿನಿಂದ ಸಂಗಮದಲ್ಲಿ ಹರಿಗೋಲು ಹಾಕಿದವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ನಾನು ಕಬ್ಬಿಣದ ಕೊಳವೆಯೊಂದನ್ನು ದೋಣಿಗೆ ಬೋಲ್ಟ್ ಮಾಡಿ, ಅದರ ತುದಿಗೆ ಆಂಟೆನಾ ಏರಿಸುತ್ತಿದ್ದಾಗ ಕೊಳವೆ ಹಿಡಿದುಕೊಂಡಿದ್ದವರು ಅವರೇ.

“ಇದೇನ್ ಸಾ, ಗಾಳವಾ? ಮೋಡದಲ್ಲೂ ಮೀನು ಅವ್ಯಾ?” ಎಂದರು.

ಆಂಟೆನಾ ಎತ್ತರ ಇದ್ದಷ್ಟೂ ಮಾತು ದೂರ ಹೋಗುತ್ತದೆ ಎಂದು ವಿವರಿಸಿದೆ. ಅವರು ಕೋಲಿನ ತುದಿಯನ್ನೇ ಸ್ವಲ್ಪ ಹೊತ್ತು ನೋಡಿದರು.

“ಒಳೇಲಿ ಓಗಕ್ಕೆ ಈ ದೋಣಿ ಯಾಕ್ ಸಾ ಬೇಕು? ಇದು ಗದ್ದೆ ಮ್ಯಾಲೆ ಓಗೋ ದೋಣಿ. ಗದ್ದೆ ಮ್ಯಾಲೆ ಪಂಪ್‌ಸೆಟ್ಟಿನ ಲೈನು ಅದೆ. ನೀರು ಮ್ಯಾಕೆ ಬಂದ್ರೆ ತಂತಿ ಕೆಳೀಕೆ ಬಂದಂಗೇ ಅಲ್ವಾ?”

ನಾನು ಒಪ್ಪಿದೆ, ಮಾರನೆಯ ದಿನ ನಂಜನಗೂಡಿನಿಂದ ಕೀಲು ತಂದು, ಆಂಟೆನಾವನ್ನು ಮಲಗಿಸಲು ಬರುವಂತೆ ಕೂರಿಸಿದೆ. ನನ್ನ ನೆನಪಿನಲ್ಲಿ ಇದ್ದದ್ದು ಹೀಗೆ.

ಅದೇ ಮಳೆಗಾಲದಲ್ಲಿ ಕಬಿನಿ ಅಣೆಕಟ್ಟಿನಿಂದ ನೀರು ಬಿಟ್ಟರು. ಕಪಿಲೆ ದಡ ದಾಟಿ ಗದ್ದೆಗಳ ಮೇಲೆ ಹರಡಿಕೊಂಡಳು. ಪಂಪಿನ ಮನೆಯ ಮೇಲೆ ಗಂಡ, ಹೆಂಡತಿ, ಒಂದು ಮಗು ಸಿಕ್ಕಿಕೊಂಡಿದ್ದರು. ದೋಣಿಯವರು ಒಬ್ಬರೇ ದೋಣಿ ತೆಗೆದುಕೊಂಡು ಹೋದರು. ನಾನು ಇನ್ನೊಂದು ರೇಡಿಯೊ ಹಿಡಿದು ರಸ್ತೆಯ ಏರಿಯ ಮೇಲೆ ನಿಂತಿದ್ದೆ. ಪಕ್ಕದಲ್ಲಿ ಅವರ ಹೆಂಡತಿ. ಮೂವರೂ ದೋಣಿಗೆ ಹತ್ತಿದರು ಎಂಬ ಮಾತು ಬಂತು. ಆಮೇಲೆ ಏನೋ ಹೇಳಲು ಹೊರಟವರ ಧ್ವನಿ ನಡುವೆಯೇ ನಿಂತುಹೋಯಿತು. ನಾನು ಕರೆದೆ. ಮತ್ತೆ ಕರೆದೆ. ಕೋಲು ತಂತಿಗೆ ತಗುಲಿತೆಂದುಕೊಂಡು ಕೆಸರಿನಲ್ಲೇ ಕುಳಿತುಬಿಟ್ಟೆ.

“ಕೋಲು ಮಲಗ್ಸಿರ್ತಾರೆ ಸಾ,” ಎಂದರು ಆಕೆ. “ತಂತಿ ಬಂದಿರ್ತದೆ. ಅದ್ ದಾಟ್ಕಂಡು ಬತ್ತಾರೆ.”

ಬಂದರು. ಆಂಟೆನಾ ದೋಣಿಯ ಉದ್ದಕ್ಕೆ ಮಲಗಿತ್ತು. ಆ ತಂತಿಯಲ್ಲಿ ಆಗ ಕರೆಂಟ್ ಇತ್ತೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಆಂಟೆನಾ ನೆಟ್ಟಗೆ ನಿಂತೇ ಇದ್ದಿದ್ದರೆ ಅದು ತಿಳಿಯುತ್ತಿತ್ತು.

ದೋಣಿಯವರು ಕಳೆದ ಚಳಿಗಾಲದಲ್ಲಿ ಕಾಯಿಲೆಯಿಂದ ತೀರಿಕೊಂಡರು. ಈ ವರ್ಷ ದೋಣಿಯನ್ನು ಬಣ್ಣಕ್ಕೆಂದು ದಡಕ್ಕೆ ಎಳೆದಿದ್ದರು. ಆಂಟೆನಾದ ಬುಡಕ್ಕೆ ಸುತ್ತಿದ್ದ ಹಳೆಯ ಸೈಕಲ್ ಟ್ಯೂಬನ್ನು ಬಿಚ್ಚಿದ್ದರಿಂದ ಕೀಲು ಬರಿದಾಗಿ ಕಾಣುತ್ತಿತ್ತು. ಅದು ಬಾಗಿಲಿನ ಕೀಲು. ನನ್ನ ಕೊಳವೆಯನ್ನು ಅಡ್ಡಕ್ಕೆ ಕತ್ತರಿಸಿ, ನಡುವೆ ಅದನ್ನಿಟ್ಟು ವೆಲ್ಡ್ ಮಾಡಿದ್ದರು. ಸ್ಕ್ರೂ ಹಾಕುವ ತೂತುಗಳು ಖಾಲಿಯಾಗಿದ್ದವು. ನಾನು ತಂದಿದ್ದರೆ ತುಕ್ಕು ಹಿಡಿಯದ ಸ್ಟೀಲಿನದನ್ನೇ ತರುತ್ತಿದ್ದೆ. ವೆಲ್ಡಿಂಗ್ ನನಗೆ ಬರುವುದೂ ಇಲ್ಲ.

ಈ ಕೀಲು ಎಲ್ಲಿಯದು ಎಂದು ಅಲ್ಲೇ ನಿಂತಿದ್ದ ಅವರ ಹೆಂಡತಿಯನ್ನು ಕೇಳಿದೆ.

“ನಮ್ ಕೊಟ್ಟಿಗೆ ಬಾಗ್ಲಿಂದು. ನೀವು ಬ್ಯಾಡ ಅಂದ್ರಂತೆ. ನೀವು ಊರಿಗೆ ಓದ್ಮೇಲೆ ಬಿಚ್ಕೊಂಡು ಓದ್ರು. ಬಾಗ್ಲಿಗೆ ಇನ್ನೂ ಅಗ್ಗ ಕಟ್ಕಂಡಿವಿ.”

ನಾನು ಬೇಡ ಎಂದದ್ದು ನೆನಪಿಗೆ ಬರಲಿಲ್ಲ. ಆದರೆ ಕೆಸರಿನಲ್ಲಿ ಕುಳಿತದ್ದು ನೆನಪಿದೆ. ಕೀಲು ಹಾಕಿದವನು ನಾನೇ ಆಗಿದ್ದರೆ, ಧ್ವನಿ ನಿಂತಾಗ ಹಾಗೆ ಕುಸಿಯಬೇಕಿರಲಿಲ್ಲ. ಆಂಟೆನಾ ಮಲಗುತ್ತದೆ ಎಂದು ಆ ಏರಿಯ ಮೇಲೆ ಗೊತ್ತಿದ್ದದ್ದು ಆಕೆಗೆ ಮಾತ್ರ. ಇಷ್ಟು ವರ್ಷ ಈ ಎರಡೂ ನೆನಪುಗಳನ್ನು ಪಕ್ಕಪಕ್ಕದಲ್ಲಿ ಇಟ್ಟುಕೊಂಡಿದ್ದೆ. ಅವು ಒಂದಕ್ಕೊಂದು ಕೂಡುವುದಿಲ್ಲ ಎಂಬುದು ಹೊಳೆದಿರಲಿಲ್ಲ. ದೋಣಿ ತಿರುಗಿ ಬಂದ ದಿನ ನಾನು ದೋಣಿಯವರನ್ನು ಕೀಲಿನ ಬಗ್ಗೆ ಏನಾದರೂ ಕೇಳಿರಲೇಬೇಕು. ಕೇಳಿದ್ದು ನೆನಪಿಲ್ಲ. ಎಲ್ಲಕ್ಕಿಂತ ಕಷ್ಟವಾದದ್ದು ಇದು: ನಾನು ಆ ಘಟನೆ ಹೇಳುವಾಗ ಅವರು ಪ್ರತಿ ವರ್ಷ ಹಿಂದಿನ ಸಾಲಿನಲ್ಲಿ ಕುಳಿತು ಕೇಳುತ್ತಿದ್ದರು. ಒಮ್ಮೆ ಪಕ್ಕದವನು ಹೌದಾ ಎಂಬಂತೆ ಅವರ ಮುಖ ನೋಡಿದ. “ಸಾ ಏಳ್ತಾವ್ರೆ, ಕೇಳ್ಕಳ್ಲಾ,” ಎಂದರು.

ಈ ವರ್ಷ ಸಂಘದಲ್ಲಿ ಇದ್ದದ್ದನ್ನು ಇದ್ದಂತೆಯೇ ಹೇಳಿದೆ. ಮುಂದಿನ ಪ್ರಶ್ನೆ ಫ್ಯೂಸಿನ ಬಗ್ಗೆ ಬಂತು. ಹಳಬರಿಗೆ ಇದು ಹೊಸದೇನೂ ಆಗಿರಲಿಲ್ಲವೇನೋ.

ಅಷ್ಟಾದರೂ ಅಳೆದು ನೋಡುವ ನನ್ನ ಬುದ್ಧಿ ಹೋಗಲಿಲ್ಲ. ದೋಣಿಯ ಕೀಲಿನ ಉದ್ದವನ್ನೂ ತೂತುಗಳ ನಡುವಿನ ಅಂತರವನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ದೋಣಿಯವರ ಮನೆಗೆ ಹೋದೆ. ಕೊಟ್ಟಿಗೆಯ ಬಾಗಿಲಿನ ಮೇಲ್ಭಾಗದಲ್ಲಿ ಹಗ್ಗ, ಕೆಳಗೆ ಹಳೆಯ ಕೀಲು. ಕುಕ್ಕರಗಾಲಲ್ಲಿ ಕುಳಿತು ಟೇಪು ಹಿಡಿದೆ. ಹಾಲು ಕರೆದು ಎದ್ದ ಆಕೆ ಪಾತ್ರೆ ಹಿಡಿದುಕೊಂಡೇ ನಿಂತು ನೋಡುತ್ತಿದ್ದರು.

“ಸರೋಯ್ತಾ ಸಾ?”

ಅಳತೆ ಸರಿಹೋಯಿತು ಎಂದೆ. ಹಗ್ಗದ ಗಂಟು ಸಡಿಲವಾಗಿತ್ತು. ಅದನ್ನು ಬಿಗಿದು ಕಟ್ಟಿದೆ.