ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟವಳು

ಬನಹಟ್ಟಿಯ ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ಬಾಡಿಗೆಗಿದ್ದ ಹುಡುಗಿ, ಕುರ್ಚಿ ಕೊಟ್ಟರೂ ಮುಟ್ಟಲಿಲ್ಲ. ಹಳೆಯ ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು, ಹಲಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಿದ್ದಳು. ಊರೂರಿನ ಜನ ಸೇರಿ ಕಟ್ಟುವ ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಕನ್ನಡ ಅಕ್ಷರದ ಪ್ಯಾಕೇಜುಗಳು, ಅಂದರೆ ಅಕ್ಷರಕ್ಕೆ ಬೇಕಾದ ತಂತ್ರಾಂಶದ ತುಂಡುಗಳು, ಅವಳ ಪಾಲಿಗಿದ್ದವು. ಏನು ತೊಡಕಾದರೂ ಅವಳದು ಒಂದೇ ಮಾತು: "ಇದರಾಗ ಸದ್ಯಕ್ಕ ಯಾವುದು ಬ್ಯಾಡ?" ಸಂತೆಯ ಚೀಲ ಎತ್ತಲಾಗದೆ ನಾನು ನಿಂತಾಗಲೂ ಅದನ್ನೇ ಕೇಳಿ, ಕುಂಬಳಕಾಯಿ ಹೊರಗೆ ತೆಗೆದಿದ್ದಳು.

ಒಂದು ದಿನ ಅವಳು ಉಣ್ಣಲಿಲ್ಲ. ಅಕ್ಷರ ಮೂಡಿಸುವ ಪ್ಯಾಕೇಜು ಕಟ್ಟಲು ಒತ್ತು ಜೋಡಿಸುವ ಪ್ಯಾಕೇಜು ಬೇಕಂತೆ. ಆ ಒತ್ತಿನದನ್ನು ಕಟ್ಟಲು ಮತ್ತೆ ಈ ಅಕ್ಷರದ್ದೇ ಬೇಕಂತೆ. ಸಂಜೆಯೊಳಗೆ ಎರಡೂ ಆಗದಿದ್ದರೆ ಈ ಸಲ ಬಿಡುಗಡೆಯಾಗುವ ಲಿನಕ್ಸಿನಲ್ಲಿ ಕನ್ನಡವೇ ಇರುವುದಿಲ್ಲ ಎಂದಳು.

"ಈಗ ಯಾವುದು ಬ್ಯಾಡ, ಹೇಳಬೇ," ಎಂದು ಚಾಷ್ಟಿ ಮಾಡಿದೆ.

"ಒತ್ತು ಬ್ಯಾಡ್ರಿ, ಆಯಿ. ಮೊದಲ ಒತ್ತಿಲ್ಲದ ಅಕ್ಷರದ್ದು ಕಟ್ಟತೀನಿ. ಅದನ್ನ ಹಿಡಕೊಂಡು ಒತ್ತಿಂದು ಕಟ್ಟತೀನಿ. ಆಮ್ಯಾಲ ಅಕ್ಷರದ್ದು ಮತ್ತ ಪೂರಾ."

"ಅರೆಬರೆ ಮಾಲು ಯಾರು ತಗೋತಾರ?"

"ಅದನ್ನ ಯಾರಿಗೂ ಕೊಡಂಗಿಲ್ರಿ. ಕೆಲಸ ಆತಂದ್ರ ಒಗೀತೀನಿ."

ದೀಪ ಹಚ್ಚುವ ಹೊತ್ತಿಗೆ ಕರೆದಳು. ಸಹಿಯಷ್ಟೇ ಕಲಿತ ನನ್ನ ಕೈಯಿಂದಲೇ ಲ್ಯಾಪ್‌ಟಾಪಿನ ಕೀಲಿ ಒತ್ತಿಸಿ ನನ್ನ ಹೆಸರು ಬರೆಸಿದಳು. ಲಕ್ಷ್ಮವ್ವ ಎಂದು, ಒಂದು ಒತ್ತೂ ಜಾರದೆ ಮೂಡಿತು. ಆ ಕುಣಿಯಲ್ಲಿ ನಾವು ನೇಯ್ದ ಸೀರೆಗಳು ಪುಣೆಯವರೆಗೆ ಹೋಗಿದ್ದವು. ಅವಳು ಕಟ್ಟಿದ್ದು ಅದಕ್ಕೂ ದೂರ ಹೋಯಿತು.

"ಈಗ ಯಾವುದು ಬ್ಯಾಡ?" ಎಂದೆ.

"ಈಗ ಎಲ್ಲಾ ಬೇಕ್ರಿ," ಎಂದಳು. "ಮೊದಲ ರೊಟ್ಟಿ."