ಒಳಗೇ ಸಾಕ್ಸು ಹಾಕಿಕೊಂಡ ಸದಾಶಿವ ಅಂಕಲ್

ಹಳೆಯ ಗಾಡಿ ನೋಡಲು ಹೋದಾಗ ಸದಾಶಿವ ಅಂಕಲ್ ಮೊದಲು ಮಾಡುತ್ತಿದ್ದ ಕೆಲಸ ಬೂಟು ಬಿಚ್ಚುವುದು. ಇಸ್ತ್ರಿ ಮಾಡಿದ ಪ್ಯಾಂಟು, ಕಿಸೆಯಲ್ಲಿ ಪೆನ್ನು, ಕುತ್ತಿಗೆಯಲ್ಲಿ ಇನ್ನೂ ತೆಗೆಯದ ಆಫೀಸಿನ ಬ್ಯಾಡ್ಜು. ಅಂಥ ಮನುಷ್ಯ ಮಸ್ಕತ್ತಿನ ಅಲ್ ಮಬೇಲಾದ ಗ್ಯಾರೇಜು ಸಾಲಿನಲ್ಲಿ, ಎಣ್ಣೆ ಕುಡಿದ ನೆಲದ ಮೇಲೆ ಒಂಟಿಕಾಲಲ್ಲಿ ನಿಂತು ಸಾಕ್ಸು ಎಳೆಯುತ್ತಿದ್ದರೆ ಮಾರುವವನಿಗೆ ಏನೂ ಅರ್ಥವಾಗುತ್ತಿರಲಿಲ್ಲ. ಒಮ್ಮೆ ಒಬ್ಬ ಒಮಾನಿ ಮುದುಕ, ಇವರು ನಮಾಜಿಗೆ ಹೊರಟಿದ್ದಾರೆ ಎಂದುಕೊಂಡು ನೀರಿನ ನಲ್ಲಿ ತೋರಿಸಿದ. ಅಂಕಲ್ ಸ್ವಲ್ಪವೂ ಮುಜುಗರವಿಲ್ಲದೆ ಕಾಲು ತೊಳೆದುಕೊಂಡು, "ಶುಕ್ರನ್" ಎಂದು ಅರಬ್ಬಿಯಲ್ಲಿ ಧನ್ಯವಾದ ಹೇಳಿ, ಗಾಡಿಯ ಹಿಂದಿನ ಸೀಟಿನ ನಟ್ಟನಡುವೆ ಹೋಗಿ ಕೂತರು.

ಎಂಜಿನ್ನು ತೆಗೆಸಿ ನೋಡುವುದು, ಕೆಳಗೆ ಬಗ್ಗಿ ನೋಡುವುದು ಎಲ್ಲ ಗ್ಯಾರೇಜಿನವರ ಕೆಲಸ. ಇವರು ಬರಿಗಾಲನ್ನು ಗಾಡಿಯ ನೆಲಕ್ಕೆ ಒತ್ತಿ, ಕಣ್ಣು ಮುಚ್ಚಿ, "ಯಲ್ಲಾ, ಬಿಡಿ" ಎನ್ನುತ್ತಿದ್ದರು. ಗಾಡಿ ಒಂದು ಸುತ್ತು ಓಡಬೇಕು. ಹಿಂದಿನ ಸೀಟೇ ಯಾಕೆ ಎಂದು ನಾನು ಕೇಳಿದ್ದೆ. "ಮುಂದೆ ಕೂತವನಿಗೆ ಸ್ಟೀರಿಂಗ್ ಉಂಟು, ಎಸಿ ಉಂಟು, ಎದುರಿಗೆ ರಸ್ತೆ ಉಂಟು. ಅವನಿಗೆ ಗಾಡಿಯ ತೊಂದರೆ ಎಂತ ಗೊತ್ತಾಗ್ತದೆ? ಹಿಂದೆ ಕೂತವರ ಸೊಂಟವನ್ನು ಕೇಳ್ಬೇಕು" ಎಂದಿದ್ದರು.

ಸುತ್ತು ಮುಗಿದ ಮೇಲೆ ತೀರ್ಪು. ಗಾಡಿ ಇಷ್ಟವಾದರೆ ಒಳಗೆ ಕೂತೇ ಸಾಕ್ಸು ಹಾಕಿಕೊಳ್ಳುತ್ತಿದ್ದರು. ಇಷ್ಟವಾಗದಿದ್ದರೆ ಬರಿಗಾಲಲ್ಲೇ ಇಳಿದು, ಬೂಟು ಕೈಯಲ್ಲಿ ಹಿಡಿದು, "ಬಣ್ಣ ಚೆಂದ ಉಂಟು" ಎನ್ನುತ್ತಿದ್ದರು. ಮಾರುವವನ ಎದುರು ಅವನ ಗಾಡಿಯನ್ನು ಹಳಿಯಬಾರದು ಎಂಬುದು ಅವರ ಮರ್ಯಾದೆ. ಬಣ್ಣ ಚೆಂದ ಉಂಟು ಎಂದರೆ ನಾವು ಮನೆಗೆ ಹೊರಡಬೇಕು ಎಂದರ್ಥ. ಮಸ್ಕತ್ತಿನಲ್ಲಿ ನಮಗೆ ಗೊತ್ತಿದ್ದ ಕನ್ನಡದ ಮನೆಗಳಲ್ಲಿ ಮರಳಲ್ಲೂ ಓಡುವ ಹಳೇ ಫೋರ್ ವೀಲ್ ಕೊಳ್ಳುವವರು ಯಾರೂ ಅಂಕಲ್ಲಿನ ಕಾಲು ಸೋಕದೆ ಕೊಳ್ಳುತ್ತಿರಲಿಲ್ಲ.

ಅವರ ಮೇಲೆ ನನಗೆ ಇವತ್ತಿಗೂ ಕೋಪವಿದೆ. ಮುಂದೆ ಬರೆಯುವ ಪ್ರೀತಿಯ ಮಾತುಗಳನ್ನು ಓದಿ ಕೋಪ ಇಳಿದಿದೆ ಎಂದು ಯಾರೂ ತಿಳಿಯಬಾರದು, ಅದಕ್ಕೆ ಈಗಲೇ ಹೇಳುತ್ತಿದ್ದೇನೆ.

ಕುಂದಾಪುರದ ಕಡೆಯವರು. ಹೆಂಡತಿ ಮಕ್ಕಳು ಊರಲ್ಲಿ, ಇವರು ಮಬೇಲಾದಲ್ಲಿ ಒಂದು ಕೋಣೆಯ ಮನೆಯಲ್ಲಿ. ವಿಮಾ ಕಚೇರಿಯೊಂದರಲ್ಲಿ ಅಪಘಾತದ ಕ್ಲೇಮು ನೋಡುವ ಕೆಲಸ. ದಿನವಿಡೀ ನಜ್ಜುಗುಜ್ಜಾದ ಗಾಡಿಗಳ ಫೋಟೋ ನೋಡಿ ನೋಡಿ, ಸಂಜೆ ಗಟ್ಟಿಯಾಗಿರುವ ಗಾಡಿ ನೋಡಿದರೆ ಕಣ್ಣಿಗೆ ತಂಪು ಎನ್ನುತ್ತಿದ್ದರು. ಭಾನುವಾರ ಸಂಜೆ ನಮ್ಮ ಮನೆಗೆ ಬಂದರೆ ಅಮ್ಮನ ಹುಳಿಯನ್ನು "ಇದು ಸಾಂಬಾರೋ ಪಾಯಸವೋ ನಳಿನಕ್ಕ, ನಿಮ್ಮ ಮೈಸೂರಿನವರ ಬೆಲ್ಲ ಯಾವಾಗ ಮುಗಿಯುವುದು?" ಎಂದು ಕೆಣಕಿ, ಮೂರು ಸಲ ಬಡಿಸಿಕೊಳ್ಳುತ್ತಿದ್ದರು. ನನ್ನನ್ನು ಲಾಯರಮ್ಮ ಎಂದೇ ಕರೆಯುತ್ತಿದ್ದರು. ನಾನು ಆಗ ಇಂಡಿಯನ್ ಶಾಲೆಯ ಹನ್ನೊಂದನೇ ಕ್ಲಾಸು, ಡಿಬೇಟ್ ತಂಡದಲ್ಲಿದ್ದೆ. ಮನೆಗೆ ಬಂದವರನ್ನೆಲ್ಲ ಅಡ್ಡಪ್ರಶ್ನೆ ಕೇಳದೆ ಬಿಡುತ್ತಿರಲಿಲ್ಲ.

"ನಿಮ್ಮ ಕಾಲಿನ ಪರೀಕ್ಷೆಗೆ ಪುರಾವೆ ಏನು ಅಂಕಲ್? ನೀವು ಬೇಡ ಅಂದ ಗಾಡಿ ನಿಜವಾಗಿ ಕೆಟ್ಟಿತಾ ಅಂತ ಯಾವತ್ತಾದರೂ ಹೋಗಿ ನೋಡಿದ್ದೀರಾ?"

"ಇಲ್ಲ."

"ಮತ್ತೆ?"

"ಮತ್ತೆಂತ? ನಾನು ಹೌದು ಅಂದದ್ದು ಓಡ್ತಾ ಉಂಟಲ್ಲ. ಅರ್ಧ ಪುರಾವೆ ಆಯ್ತು. ಉಳಿದರ್ಧ ನೀನು ಹುಡುಕು, ನಿನಗೆ ರಜೆ ಉಂಟು."

ಶಾಲೆಗಳ ನಡುವಿನ ಡಿಬೇಟ್ ಫೈನಲ್ಲಿನ ದಿನ ಅಪ್ಪನಿಗೆ ಮೀಟಿಂಗು. ನನ್ನನ್ನು ತಮ್ಮ ಹಳೇ ಫೋರ್ ವೀಲಿನಲ್ಲಿ ಕರೆದುಕೊಂಡು ಹೋದವರು ಅಂಕಲ್. ಸಭಾಂಗಣದ ಕೊನೆಯ ಸಾಲಿನಲ್ಲಿ ಕೂತಿದ್ದರು, ಮುಗಿದ ಮೇಲೆ ಹೋಗಿ ನೋಡಿದರೆ ಅಲ್ಲೂ ಬೂಟು ಬಿಚ್ಚಿಟ್ಟಿದ್ದರು. ಶಾಲೆಗಳಲ್ಲಿ ಪರೀಕ್ಷೆ ಇರಬೇಕೇ ಎಂಬುದು ವಿಷಯ. ನಾನು ಇರಬೇಕು ಎಂದು ವಾದಿಸಿ ಗೆದ್ದೆ. ವಾಪಸು ಬರುವಾಗ ಅಂಕಲ್ ಕೇಳಿದರು, "ಒಳ್ಳೇದಾಯ್ತು. ನೀನು ಹೇಳಿದ್ದರಲ್ಲಿ ನಿನಗೆ ನಂಬಿಕೆ ಇತ್ತಾ?"

"ನಂಬಿಕೆಯ ಪ್ರಶ್ನೆಯೇ ಇಲ್ಲ ಅಂಕಲ್. ಪರವೋ ವಿರೋಧವೋ ಅಂತ ಚೀಟಿ ಎತ್ತುತ್ತಾರೆ. ನನಗೆ ಪರ ಬಂತು."

"ಹಾಗಾದ್ರೆ ನೀನು ಹೇಳಿದ್ದು ನಿನ್ನ ಮಾತಲ್ಲ."

"ಅದು ಎಲ್ಲರಿಗೂ ಗೊತ್ತಿರುತ್ತೆ. ಅದೇ ಆಟ."



ಇನ್ನು ಅಮ್ಮನ ವಿಷಯ. ಚಳಿಗಾಲ ಬಂದರೆ ಗುರುವಾರ ಸಂಜೆ ನಾಲ್ಕಾರು ಮನೆಯವರು ಬೌಷರಿನ ಮರಳುಗುಡ್ಡಕ್ಕೆ ಹೋಗುತ್ತಿದ್ದೆವು. ನಮ್ಮದು ಚಿಕ್ಕ ಕಾರು, ಮರಳಿಗೆ ಇಳಿಯುವುದಿಲ್ಲ. ಹಾಗಾಗಿ ಯಾರದಾದರೂ ಫೋರ್ ವೀಲಿನ ಕೊನೆಯ ಸಾಲಿನಲ್ಲಿ, ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು, ಬಿಸಿ ಪಾತ್ರೆ ತೊಡೆಯ ಮೇಲಿಟ್ಟುಕೊಂಡು ಅಮ್ಮ ಕೂರುತ್ತಿದ್ದಳು. ಅಮ್ಮನಿಗೆ ಒಮಾನಿನ ಲೈಸೆನ್ಸು ಇತ್ತು. ಸಾಲಾಗಿಟ್ಟ ಡ್ರಮ್ಮುಗಳ ನಡುವೆ ಗಾಡಿಯನ್ನು ಹಿಂದಕ್ಕೆ ತೆಗೆಯುವ ಅಲ್ಲಿನ ಪರೀಕ್ಷೆಯನ್ನು ಅವಳು ಮೊದಲ ಸಲಕ್ಕೇ ದಾಟಿದ್ದಳು. ಅಪ್ಪ ಎಷ್ಟನೆಯ ಸಲ ದಾಟಿದರು ಎಂಬುದನ್ನು ನಮ್ಮ ಮನೆಯಲ್ಲಿ ಕೇಳಬಾರದಿತ್ತು. ಅಪ್ಪ ಒಮ್ಮೆ ಗೆಳೆಯರ ಗಾಡಿಯನ್ನು ಮರಳಿಗೆ ಇಳಿಸಿ ಚಕ್ರ ಮುಳುಗಿಸಿಕೊಂಡಿದ್ದರು. ಅಲ್ಲಿದ್ದ ಒಮಾನಿ ಹುಡುಗರು ನಗುತ್ತ ಹಗ್ಗ ಕಟ್ಟಿ ಎಳೆದು ಕೊಟ್ಟರು. ಅವತ್ತಿನಿಂದ ಅಪ್ಪ ಮರಳಿನ ಮಾತು ಬಂದಾಗಲೆಲ್ಲ ಪೇಪರು ಬಿಡಿಸುತ್ತಿದ್ದರು.

"ನಮ್ಮದೇ ಒಂದು ಹಳೇ ಫೋರ್ ವೀಲ್ ತಗೊಳ್ಳೋಣ. ಮರಳಲ್ಲಿ ನಾನು ಓಡಿಸ್ತೀನಿ" ಎಂದು ಅಮ್ಮ ಹೇಳಿದಳು. ಜೀವನದಲ್ಲಿ ಅವಳು ಇದು ಬೇಕು ಎಂದು ಬಾಯಿಬಿಟ್ಟು ಕೇಳಿದ್ದನ್ನು ನಾನು ಅಷ್ಟಾಗಿ ಕಂಡಿಲ್ಲ. ಅಪ್ಪ ತಕ್ಷಣ ಒಪ್ಪಿದರು. "ಸದಾಶಿವ್ ನೋಡಿ ಹೂಂ ಅಂದ್ರೆ ಮುಗೀತು" ಎಂದರು. ಎಷ್ಟು ಸಲೀಸಾಗಿ ಒಪ್ಪಿದರಲ್ಲ ಎಂದು ನನಗೆ ಆಗಲೇ ಅನುಮಾನ ಬರಬೇಕಿತ್ತು.

ಆ ಚಳಿಗಾಲವಿಡೀ ಗಾಡಿ ನೋಡಿದೆವು. ಮಬೇಲಾದ ಗಾಡಿಯ ಬಣ್ಣ ಚೆಂದ ಇತ್ತು. ಊರಿಗೆ ಹೊರಟಿದ್ದ ಮಲಯಾಳಿಯೊಬ್ಬರ ಬಿಳಿ ಗಾಡಿಯ ಬಣ್ಣವೂ ಚೆಂದ ಇತ್ತು. ಮುಂದಿನ ಚಳಿಗಾಲವೂ ಹೀಗೇ ಶುರುವಾಯಿತು. ನನಗೆ ತಾಳ್ಮೆ ತಪ್ಪಿತು, ಅಮ್ಮನಿಗಲ್ಲ. "ಇರಲಿ ಬಿಡೇ. ಅವರ ಕಾಲು ಸುಳ್ಳು ಹೇಳಲ್ಲ" ಎನ್ನುತ್ತಿದ್ದಳು, ಪಾತ್ರೆಯ ಮುಚ್ಚಳಕ್ಕೆ ಬಟ್ಟೆ ಬಿಗಿಯುತ್ತ.

ಆಮೇಲೆ ಮಸ್ಕತ್ತಿನ ಹೊರಗಿನ ಬರ್ಕಾ. ತೋಟವಿದ್ದ ಒಬ್ಬ ಒಮಾನಿಯ ಗಾಡಿ. ಅಪ್ಪ ಅವನೊಡನೆ ಮುಂದೆ ಕೂತರು, ಅಂಕಲ್ ಎಂದಿನಂತೆ ಹಿಂದೆ. ಅಮ್ಮ ಖರ್ಜೂರದ ಮರದ ನೆರಳಲ್ಲಿ ಕಾಯುತ್ತಿದ್ದಳು. ನಾನು ಅಂಕಲ್ಲಿನ ಪಕ್ಕದಲ್ಲಿದ್ದೆ. ಗಾಡಿ ಹಳ್ಳಕ್ಕೆ ಇಳಿದು, ಹತ್ತಿ, ಸುತ್ತು ಮುಗಿಸಿ ನಿಂತಿತು. ಅಂಕಲ್ ಕಣ್ಣು ತೆರೆದರು. ಕಿಸೆಯಿಂದ ಸಾಕ್ಸು ತೆಗೆದರು. ಒಳಗೆ ಕೂತೇ ಬಲಗಾಲಿಗೆ ಹಾಕಿದರು, ಎಡಗಾಲಿಗೂ ಹಾಕಿದರು. ನಾನು ಅಮ್ಮನಿಗೆ ಹೇಳಲು ಬಾಗಿಲಿಗೆ ಕೈ ಹಾಕಿದೆ. ಆಗ ಮುಂದಿನ ಸೀಟಿನಿಂದ ಅಪ್ಪ ಕೆಮ್ಮಿದರು. ಅಂಕಲ್ ತಲೆ ಎತ್ತಿ ಅಪ್ಪನನ್ನು ನೋಡಿದರು, ಕೆಳಗಿಳಿದರು, ಕಾಯುತ್ತಿದ್ದ ಅಮ್ಮನ ಕಡೆಗೆ ಹೋದರು.

"ಬಣ್ಣ ಚೆಂದ ಉಂಟು ನಳಿನಕ್ಕ."

ಅಮ್ಮ "ಹೌದಾ" ಎಂದಳು. ಅಷ್ಟೇ ಎಂದಳು.

ದಾರಿಯಲ್ಲಿ ಒಂದು ಚಹಾದಂಗಡಿಯ ಮುಂದೆ ನಿಲ್ಲಿಸಿದ್ದೆವು. ನಾನು ಬಿಡಲಿಲ್ಲ.

"ಅಂಕಲ್, ನೀವು ಒಳಗೇ ಸಾಕ್ಸು ಹಾಕಿಕೊಂಡಿರಿ. ನಾನು ನೋಡಿದ್ದೀನಿ. ಗಾಡಿ ಚೆನ್ನಾಗಿತ್ತು. ಬೇಡ ಅಂದಿದ್ದು ಯಾಕೆ?"

ಅವರು ಚಹಾದ ಲೋಟವನ್ನು ಮೇಜಿನ ಮೇಲೆ ತಿರುಗಿಸಿದರು. ಅಪ್ಪ ರಸ್ತೆ ನೋಡುತ್ತಿದ್ದರು.

"ಗಾಡಿ ಸರಿಯೇ ಇತ್ತು" ಎಂದರು ಅಂಕಲ್. "ಹೆಂಗಸರು ಮರಳಲ್ಲಿ ಗಾಡಿ ಓಡಿಸುವುದು ನನಗೆ ಸರಿ ಕಾಣುವುದಿಲ್ಲ. ಆಫೀಸಲ್ಲಿ ನಾನು ದಿನಾ ನೋಡ್ತೇನಲ್ಲ."

ಆಮೇಲೆ ನಾನು ಮಾತಾಡಿದ ಹಾಗೆ ಯಾವ ಫೈನಲ್ಲಿನಲ್ಲೂ ಮಾತಾಡಿರಲಿಲ್ಲ. ನಿಮ್ಮ ಆಫೀಸಿನ ಫೋಟೋಗಳಲ್ಲಿ ಸ್ಟೀರಿಂಗ್ ಹಿಡಿದವರು ಎಷ್ಟು ಜನ ಹೆಂಗಸರು ಎಂದು ಕೇಳಿದೆ.  ಹಿಂದೆ ಕೂತವರನ್ನು ಕೇಳಬೇಕು ಎಂದು ಭಾಷಣ ಮಾಡುತ್ತೀರಿ, ಇಷ್ಟು ವರ್ಷ ಹಿಂದೆ ಕೂತ ನಮ್ಮ ಅಮ್ಮನನ್ನು ಕೇಳಿದಿರಾ ಎಂದೆ. ಕಾಲು ತೊಳೆದು ನಾಟಕವಾಡುತ್ತೀರಿ ಎಂದೂ ಅಂದೆ. ಪಕ್ಕದ ಮೇಜಿನ ಬಂಗಾಳಿಗಳು ಚಹಾ ಕುಡಿಯುವುದನ್ನು ನಿಲ್ಲಿಸಿದರು. ಅಂಕಲ್ ಎಲ್ಲವನ್ನೂ ತಲೆ ತಗ್ಗಿಸಿ ಕೇಳಿಸಿಕೊಂಡರು. ಕೊನೆಗೆ "ಆಯ್ತಾ ಲಾಯರಮ್ಮ? ಚಹಾ ಆರ್ತದೆ" ಎಂದರು. ಅಪ್ಪ ಎದ್ದು ಚಹಾದ ದುಡ್ಡು ಕೊಡಲು ಹೋದರು. ಅಮ್ಮ ಅಂಕಲ್ಲಿನ ಪಾದಗಳನ್ನೇ ನೋಡುತ್ತಿದ್ದಳು. ಮತ್ತೆ ಅವಳು ಗಾಡಿಯ ಮಾತೆತ್ತಲಿಲ್ಲ. ಭಾನುವಾರ ಅಂಕಲ್ ಬಂದರೆ ಹುಳಿ ಬಡಿಸುತ್ತಿದ್ದಳು, ಒಂದೇ ಸಲ.

ಮಾರ್ಚಿನಲ್ಲಿ ಅಂಕಲ್ ಎಲ್ಲ ಖಲಾಸ್ ಮಾಡಿ ಊರಿಗೆ ಹೊರಟರು. ಹೊರಡುವ ವಾರದಲ್ಲಿ ತಮ್ಮ ಫೋರ್ ವೀಲ್ ಓಡಿಸಿಕೊಂಡು ನಮ್ಮ ಕಟ್ಟಡದ ಕೆಳಗೆ ಬಂದು ನಿಂತು, ಬೆಲ್ ಮಾಡಿ ಮೇಲೆ ಬಂದು, ಕೀಲಿಯನ್ನು ಅಮ್ಮನ ಕೈಗೆ ಕೊಟ್ಟರು. ಅಪ್ಪನ ಕೈಗಲ್ಲ.

"ನಳಿನಕ್ಕ, ಇದನ್ನು ನೀವೇ ತಗೊಳ್ಳಿ. ಎಸಿ ಮಧ್ಯಾಹ್ನ ಸ್ವಲ್ಪ ತಕರಾರು ಮಾಡ್ತದೆ, ಎಡಗಡೆ ಹಿಂದಿನ ಬಾಗಿಲು ಜೋರಾಗಿ ಎಳೀಬೇಕು. ಬಣ್ಣ ಮಾತ್ರ ಚೆಂದ ಇಲ್ಲ. ಉಳಿದದ್ದಕ್ಕೆ ನಾನು ಹೊಣೆ. ಬನ್ನಿ, ಒಂದು ಸುತ್ತು ಓಡಿಸಿ."

ಕೆಳಗೆ ಇಳಿಯುವಾಗ ಅಪ್ಪ ಅವರನ್ನು ಲಿಫ್ಟಿನ ಪಕ್ಕಕ್ಕೆ ಎಳೆದರು. ನಾನು ಹಿಂದೆಯೇ ಇದ್ದೆ. "ಸದಾಶಿವ್, ನೀವು ನನಗೆ ಮಾತು ಕೊಟ್ಟಿದ್ರಿ" ಎಂದು ಅಪ್ಪ ಮೆಲ್ಲಗೆ ಹೇಳಿದರು. "ಯಾವ ಗಾಡಿ ಬಂದ್ರೂ ಬೇಡ ಅಂತೀನಿ ಅಂದಿದ್ರಿ."

"ಕೊಟ್ಟಿದ್ದೆ ಮೂರ್ತಿಗಳೇ. ಅದು ಬೇರೆಯವರ ಗಾಡಿಗೆ. ಇದು ನನ್ನದು."

ನಾಲ್ವರೂ ಬೌಷರಿಗೆ ಹೊರಟೆವು. ಅಮ್ಮ ಓಡಿಸಿದಳು, ಪಕ್ಕದ ಸೀಟಿನಲ್ಲಿ ಅಪ್ಪ ಕೂತಿದ್ದರು. ಮರಳಿನ ಅಂಚಿಗೆ ಬಂದಾಗ ಅಮ್ಮನೇ ಇಳಿದು, ಚಕ್ರ ಮರಳಲ್ಲಿ ಹೂಳದಂತೆ ಟಯರಿನ ಗಾಳಿ ಇಳಿಸಿದಳು. ಇಷ್ಟು ವರ್ಷ ಬೇರೆಯವರು ಇಳಿಸುವುದನ್ನು ನೋಡಿದ್ದಳಲ್ಲ. ಆಮೇಲೆ ಚಪ್ಪಲಿ ಕಳಚಿ ಹೊರಗಿಟ್ಟು ಒಳಗೆ ಕೂತಳು. ಮೊದಲ ಏರಿನಲ್ಲಿ ಗಾಡಿ ಅರ್ಧಕ್ಕೆ ನಿಂತಿತು. ಅಪ್ಪ ಬಾಗಿಲಿನ ಹಿಡಿ ಹಿಡಿದುಕೊಂಡರು. ಅಮ್ಮ ಗಾಬರಿಯಾಗಲಿಲ್ಲ, ನೇರ ಹಿಂದಕ್ಕೆ ಇಳಿಸಿದಳು, ಇನ್ನಷ್ಟು ದೂರದಿಂದ ಬಂದಳು, ಒಂದೇ ವೇಗದಲ್ಲಿ ಹತ್ತಿದಳು. ಗುಡ್ಡದ ನೆತ್ತಿಯಲ್ಲಿ ನಿಲ್ಲಿಸಿದಾಗ ಕೆಳಗೆ ಬೌಷರಿನ ದೀಪಗಳು ಹತ್ತುತ್ತಿದ್ದವು. ಹಿಂದೆ, ನನ್ನ ಪಕ್ಕದಲ್ಲಿ, ಅಂಕಲ್ ಕಿಸೆಯಿಂದ ಸಾಕ್ಸು ತೆಗೆದು, ನಿಧಾನವಾಗಿ, ಒಂದೊಂದೇ ಹಾಕಿಕೊಂಡರು. ಅಮ್ಮ ಅದನ್ನು ಕನ್ನಡಿಯಲ್ಲಿ ನೋಡಿದಳು.

ವಾಪಸು ಬಂದ ಮೇಲೆ ಅಪ್ಪ ಅಮ್ಮ ಮೇಲೆ ಹೋದರು. ನಾನು ಕಟ್ಟಡದ ಬಾಗಿಲಲ್ಲಿ ಅಂಕಲ್ಲನ್ನು ತಡೆದೆ.

"ಚಹಾದಂಗಡಿಯಲ್ಲಿ ನೀವು ಹೇಳಿದ್ದು ನಿಮ್ಮ ಮಾತಲ್ಲ. ಅಪ್ಪ ಕೊಟ್ಟ ಚೀಟಿ."

"ಹೌದು."

"ನಮ್ಮ ಡಿಬೇಟಿನಲ್ಲಿ ಚೀಟಿ ಎಲ್ಲರ ಎದುರು ಎತ್ತುತ್ತಾರೆ ಅಂಕಲ್. ನಿಮ್ಮ ಚೀಟಿ ಅಮ್ಮನಿಗೆ ಕಂಡಿರಲಿಲ್ಲ. ಅವಳು ನಿಮ್ಮ ಕಾಲನ್ನು ನಂಬಿದ್ದಳು."

"ನಾನು ಹೊರಗಿನವ ಮಗಾ" ಎಂದರು. "ನನ್ನನ್ನು ಬೈದರೆ ನಿಮ್ಮ ಮನೆಯಲ್ಲಿ ಅಡುಗೆ ನಿಲ್ಲುವುದಿಲ್ಲ. ನಿನ್ನಪ್ಪನ ಹೆಸರು ಹೇಳಿದ್ರೆ ನಿಲ್ತಿತ್ತು."

"ನಿಲ್ಲಬೇಕಿತ್ತು ಅಂಕಲ್."

ಅವರು ನನ್ನ ಮುಖ ನೋಡಿದರು. "ಇದು ನಿನಗೆ ಚೀಟಿಯಲ್ಲಿ ಬಂದದ್ದಲ್ಲ" ಎಂದರು. ಸಾಕ್ಸು ಹಾಕಿದ ಕಾಲಿಗೆ ಬೂಟು ಸಿಕ್ಕಿಸಿಕೊಂಡು, ಗಾಡಿ ನಮ್ಮದಾಗಿತ್ತಲ್ಲ, ರಸ್ತೆಯ ತನಕ ನಡೆದು ಟ್ಯಾಕ್ಸಿಗೆ ಕೈ ಮಾಡಿದರು.

ಮತ್ತೆ ಅವರನ್ನು ನೋಡಲಿಲ್ಲ. ಮೇಲೆ ಹೋಗಿ ಚೀಟಿ ಯಾರದೆಂದು ಅಮ್ಮನಿಗೆ ಹೇಳಿದೆ. ಆ ರಾತ್ರಿ ನಮ್ಮ ಮನೆಯಲ್ಲಿ ಅಡುಗೆ ಆಗಲಿಲ್ಲ.