ಹೊರಗೆ ಕೂರದ ಗುಂಡಣ್ಣ ಮೇಷ್ಟ್ರು

ಬನಶಂಕರಿಯ ಗುಂಡಣ್ಣ ಮೇಷ್ಟ್ರಿಗೆ ಅನುಮಾನವೂ ಒಂದು ಕಸುಬಾಗಿತ್ತು. ನಿವೃತ್ತಿಯಾಗುವವರೆಗೂ ಎಸ್ಸೆಸ್ಸೆಲ್ಸಿ ಪರೀಕ್ಷೆಗಳಲ್ಲಿ ನಕಲು ಹಿಡಿಯುವ ತಂಡದೊಂದಿಗೆ ಊರೂರು ಅಲೆದವರು. ಚೀಟಿ ಇಟ್ಟುಕೊಂಡ ಹುಡುಗ ಮೇಷ್ಟ್ರನ್ನು ಕಂಡೊಡನೆ ಬರೆಯುವ ವೇಗ ಹೆಚ್ಚಿಸುತ್ತಾನೆ ಎಂಬುದು ಅವರ ಅನುಭವ. ಆ ಬೆಳಿಗ್ಗೆ ಅವರನ್ನು ಕಂಡು ಹೆಂಡತಿ ಚೂಡಾಮಣಿ ಹುರುಳಿಕಾಯಿ ಹೆಚ್ಚುವ ಕೈಯನ್ನು ಚುರುಕು ಮಾಡಿದಾಗ, ಇವಳು ಏನನ್ನೋ ಮುಚ್ಚಿಟ್ಟಿದ್ದಾಳೆ ಅನ್ನಿಸಿತು.

ಅದು ಎರಡು ಸಾವಿರದ ಎಂಟನೇ ಇಸವಿ. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿಗೆ ಕೆಲವು ವರ್ಷಗಳ ಹಿಂದೆಯೇ ರೇಡಿಯೇಷನ್ ಆಗಿತ್ತು. ಈಗ ಅದೇ ಜಾಗದಲ್ಲಿ ರೋಗ ಮರಳಿತ್ತು. ಅಷ್ಟು ಅವರಿಗೂ ಗೊತ್ತು. ಆದರೆ ಹಿಂದಿನ ವಾರ ಜಯನಗರದ ಡಾಕ್ಟರು ಎಂದಿನಂತೆ ಅವರನ್ನು ಹೊರಗೆ ಕೂರಿಸಿ, ಚೂಡಾಮಣಿಯೊಬ್ಬರಿಗೇ ಎಲ್ಲ ವಿವರಿಸಿದ್ದರು. ಆಟೋದಲ್ಲಿ ಆಕೆ ತಿಳಿಸಿದ್ದು ಇಷ್ಟೇ: ಕುಯ್ಯುವುದಿಲ್ಲವಂತೆ, ಅಲ್ಟ್ರಾಸೌಂಡಿನಲ್ಲೇ ವಾಸಿ ಮಾಡುತ್ತಾರಂತೆ.

ಬಸುರಿಯರ ಹೊಟ್ಟೆ ನೋಡುವ ಯಂತ್ರವಲ್ಲವೇ ಅದು? ನೋಡಿದರೆ ರೋಗ ಹೋಗುವುದಾದರೆ ಮನೆಯ ಕನ್ನಡಿಯೇ ಸಾಕಿತ್ತಲ್ಲ ಎಂದು ಮೇಷ್ಟ್ರು ಮೂದಲಿಸಿದರು. ಆದರೆ ಹಳೆಯದೊಂದು ನೆನಪು ಬಿಡಲಿಲ್ಲ. ಅಣ್ಣ ಅನಂತರಾಮು ಕ್ಯಾನ್ಸರಿನಿಂದ ಸಾಯುತ್ತಿದ್ದಾಗ ಮನೆಯವರೆಲ್ಲ ಅವನ ಮುಂದೆ ಅದನ್ನು ಅಲ್ಸರ್ ಎಂದಿದ್ದರು. ಡಾಕ್ಟರು ಕೈಬಿಟ್ಟ ಮೇಲೂ ಸಮಾಧಾನಕ್ಕೆಂದು ಸ್ಕ್ಯಾನ್ ಮಾಡಿಸುತ್ತಲೇ ಇದ್ದರು. ಕಾಶಿಗೆ ಟಿಕೆಟ್ ಆಯಿತೇ ಎಂದು ಆತ ಕೊನೆಯವರೆಗೂ ಕೇಳುತ್ತಿದ್ದ.

ಚಿಕಿತ್ಸೆಗೆ ಒಪ್ಪಿಗೆ ಹೇಳಬೇಕಾದ ದಿನ ಡಾಕ್ಟರು ಮತ್ತೆ ಬಾಗಿಲ ಕಡೆ ನೋಡಿದರು.

"ಸ್ವಲ್ಪ ಹೊರಗೆ ಕೂತಿರಿ ಅಂಕಲ್."

"ಇವತ್ತು ಅವಳು ಕೂತಿರ್ಲಿ. ರೋಗ ನಂದು."

ಚೂಡಾಮಣಿ ಎದ್ದು ಹೊರಗೆ ಹೋದರು.

ಡಾಕ್ಟರು ಹೇಳತೊಡಗಿದರು. ಗುದದ ಮೂಲಕ ಉಪಕರಣವಿಟ್ಟು ಶಬ್ದದ ಅಲೆಗಳನ್ನು ಒಂದೇ ಬಿಂದುವಿಗೆ ಕೂಡಿಸುವುದು. ಭೂತಗನ್ನಡಿಯ ಬಿಸಿಲಿನಂತೆ ಅಷ್ಟೇ ಜಾಗ ಬೇಯುತ್ತದೆ. ಮತ್ತೆ ರೇಡಿಯೇಷನ್ ಕೊಡುವಂತಿಲ್ಲ, ಆಪರೇಷನ್ನಿಗೆ ಅಪಾಯ ಹೆಚ್ಚು, ಅದಕ್ಕೇ ಇದು. ಹೊಸ ವಿಧಾನ, ಖಾತರಿಯಿಲ್ಲ. ಮೂತ್ರ ಹಿಡಿತ ತಪ್ಪಿ ಸೋರಬಹುದು. ಅಪರೂಪಕ್ಕೆ ಮೂತ್ರದ ದಾರಿಗೂ ಕರುಳಿಗೂ ನಡುವೆ ತೂತು ಬೀಳಬಹುದು.

ಒಂದೊಂದು ಕೇಡು ಕೇಳಿದಂತೆ ಮೇಷ್ಟ್ರ ಬಿಗಿದ ಭುಜ ಸಡಿಲವಾಗುತ್ತ ಬಂತು. ಮರುಳು ಮಾಡುವವರು ಇಷ್ಟು ಕೆಟ್ಟದ್ದನ್ನು ಹೇಳುವುದಿಲ್ಲ.

"ಇದೆಲ್ಲ ಅವಳಿಗೆ ಹೇಳಿದ್ರಾ?"

"ಅರ್ಧ ಹೇಳಿದ್ದೆ. ಆಂಟಿ ಹೆದರ್ಕೊಂಡ್ಬಿಡ್ತಾರೆ ಅಂತ…"

ಹೊರಗೆ ಚೂಡಾಮಣಿ ಎದ್ದು ನಿಂತೇ ಇದ್ದರು. ಏನಂದರು ಎಂದು ಕೇಳಿದರು.

"ಏನಿಲ್ಲ ಕಣೆ. ಮಾಡಿಸ್ಕೊಳ್ಳೋಣ."

"ಏನಿಲ್ಲ ಅಂದ್ರೆ? ನಂಗೆ ಹೇಳ್ಬೇಡಿ ಅಂದ್ರೇನ್ರೀ ಡಾಕ್ಟ್ರು?"

ಆಕೆಯ ಕಣ್ಣು ತಮ್ಮ ಮುಖವನ್ನು ತಡಕುತ್ತಿದ್ದುದನ್ನು ಮೇಷ್ಟ್ರು ತಾಳಲಾರದೆ ಹೋದರು. ಮೊಣಕೈ ಹಿಡಿದು ಒಳಗೆ ಕರೆದೊಯ್ದರು. ಗೋಡೆಯ ಬದಿಯಲ್ಲಿದ್ದ ಕುರ್ಚಿಯೊಂದನ್ನು ಎಳೆದು ತಮ್ಮ ಕುರ್ಚಿಗೆ ಒತ್ತಿ ಹಾಕಿದರು.

"ಮೊದಲಿಂದ ಇನ್ನೊಂದ್ಸಲ ಹೇಳಿ ಡಾಕ್ಟ್ರೇ. ತೂತಿನ ವಿಷ್ಯಾನೂ ಸೇರಿಸಿ."